ಎಳೆತನವೂ ಮುಪ್ಪೂ ಒಂದೇ ರೆಂಬೆಯಲ್ಲಿ

ಜೂನಿಪರ್ ಗಿಡದ ಒಂದು ರೆಂಬೆಯನ್ನು ಬೆಳಗಿನ ಬಿಸಿಲಲ್ಲಿ ಹತ್ತಿರದಿಂದ ನೋಡಬೇಕು. ತುದಿಯ ಕಡೆ ಎಲೆ ಇದೆಯೆಂದೇ ಅನಿಸುವುದಿಲ್ಲ; ಹಸಿರು ದಾರವನ್ನು ಬಿಗಿಯಾಗಿ ಹೊಸೆದಿಟ್ಟ ಹಾಗೆ ಕಾಣುತ್ತದೆ. ಸವರಿದರೆ ನುಣುಪು. ಭೂತಗನ್ನಡಿ ಹಿಡಿದಾಗಲೇ ಗೊತ್ತಾಗುವುದು, ಅದರ ಮೈತುಂಬ ಎರಡು ಮಿಲಿಮೀಟರಿನಷ್ಟು ಪುಟ್ಟ ಹುರುಪೆಗಳು ಜೋಡಿಜೋಡಿಯಾಗಿ ಎದುರುಬದುರು ಕೂತಿವೆ, ಒಂದು ಜೋಡಿಯ ಬುಡವನ್ನು ಇನ್ನೊಂದು ಜೋಡಿ ಮುಚ್ಚಿಕೊಂಡಿದೆ ಎಂದು. ಆ ಹುರುಪೆಗಳೇ ಎಲೆಗಳು. ಅದೇ ರೆಂಬೆಯ ಗುಂಟ ಬೆರಳನ್ನು ಒಳಗಡೆಗೆ, ನೆರಳು ಬೀಳುವ ಕಡೆಗೆ ಸರಿಸಿಕೊಂಡು ಹೋದರೆ ಚುರುಕ್ಕೆಂದು ಚುಚ್ಚುತ್ತದೆ. ಅಲ್ಲಿರುವುದು ಸೂಜಿ ಎಲೆ. ಅರ್ಧ ಅಂಗುಲವೂ ಉದ್ದವಿಲ್ಲ, ಆದರೆ ತುದಿ ಮೊನಚು. ಅದರ ಮೇಲ್ಮೈಯಲ್ಲಿ ಎರಡು ಬಿಳಿ ಗೆರೆ ಎಳೆದಿರುತ್ತದೆ. ಗಿಡ ಉಸಿರಾಡುವ ರಂಧ್ರಗಳ ಸಾಲು ಅದು; ಮೇಲೆ ಮೇಣದ ಲೇಪ ಇರುವುದರಿಂದ ಬಿಳಿ.

ಎರಡನ್ನೂ ಚಿವುಟಿ ಅಂಗೈ ಮೇಲಿಟ್ಟು ತೋರಿಸಿದರೆ ಯಾರಾದರೂ ಬೇರೆ ಬೇರೆ ಗಿಡದ್ದೆಂದೇ ಹೇಳಿಯಾರು. ಸೂಜಿ ಎಲೆ ಎಳೆತನದ್ದು, ಹುರುಪೆ ಎಲೆ ಬಲಿತ ಮೇಲಿನದು. ಬೀಜದಿಂದ ಹುಟ್ಟಿದ ಸಸಿ ಮೊದಮೊದಲು ಸೂಜಿಗಳನ್ನೇ ಬಿಡುತ್ತದೆ, ಬಲಿಯುತ್ತ ಬಂದಂತೆ ಹುರುಪೆಗೆ ತಿರುಗುತ್ತದೆ. ಜೂನಿಪರ್‌ಗಳಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಒಂದೇ ಬಗೆಯಲ್ಲ. ಕೆಲವು ಕೊನೆಯವರೆಗೂ ಸೂಜಿಯಲ್ಲೇ ಉಳಿಯುತ್ತವೆ. ಆದರೆ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಚೀನೀ ಜೂನಿಪರ್, ಅಂದರೆ ಜುನಿಪೆರಸ್ ಚೈನೆನ್ಸಿಸ್, ಎಷ್ಟು ವಯಸ್ಸಾದರೂ ಎರಡನ್ನೂ ಇಟ್ಟುಕೊಂಡಿರುತ್ತದೆ. ಹೊರಗಿನ ಬಿಸಿಲಿಗೆ ಮುಪ್ಪಿನ ಎಲೆ, ಒಳಗಿನ ನೆರಳಿಗೆ ಬಾಲ್ಯದ ಎಲೆ. ನಮ್ಮ ಮಾತಿನಲ್ಲಿ ಬಾಲ್ಯ ಕಳೆಯುತ್ತದೆ, ಯೌವನ ಬರುತ್ತದೆ, ಅದೂ ಕಳೆಯುತ್ತದೆ. ಒಂದು ಹೋದರೆ ತಾನೇ ಇನ್ನೊಂದಕ್ಕೆ ಜಾಗ. ಈ ಗಿಡದಲ್ಲಿ ಅವು ಸಾಲಿನಲ್ಲಿ ಬರುವುದಿಲ್ಲ, ಅಕ್ಕಪಕ್ಕದಲ್ಲಿ ಇರುತ್ತವೆ. ಮೊದಲ ಸಲ ಇದು ಮನಸ್ಸಿಗೆ ಬಂದಾಗ ನನಗೆ ಸ್ವಲ್ಪ ಹೊತ್ತು ಬೇರೇನೂ ತೋಚಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಪೂರ್ತಿ ಬಲಿತು ನುಣುಪಾದ ಗಿಡವನ್ನು ಒಮ್ಮೆಗೇ ಜೋರಾಗಿ ಕತ್ತರಿಸಿದರೆ ಮುಂದಿನ ಚಿಗುರು ಹುರುಪೆಯಾಗಿ ಬರುವುದಿಲ್ಲ, ಚುಚ್ಚುವ ಸೂಜಿಯಾಗಿ ಬರುತ್ತದೆ. ಪೆಟ್ಟು ತಿಂದ ಗಿಡ ಎಳೆತನಕ್ಕೆ ಹಿಂದಿರುಗುತ್ತದೆ. ಬೊನ್ಸಾಯ್ ಮಾಡುವವರಿಗೆಲ್ಲ ಇದು ಗೊತ್ತು. ಅವರು ಬೇಸರದಿಂದಲೇ ಹೇಳುತ್ತಾರೆ, ಯಾಕೆಂದರೆ ಮತ್ತೆ ಹುರುಪೆ ಎಲೆ ತುಂಬಿಕೊಳ್ಳಲು ವರ್ಷಗಳೇ ಹಿಡಿಯಬಹುದು. ಅವರಿಗೆ ಬೇಸರ ತರುವ ಅದೇ ಸೂಜಿಗಳ ಮುಂದೆ ನಾನು ಬೆರಗಾಗಿ ನಿಲ್ಲುತ್ತೇನೆ. ಗಾಯವಾದಾಗ ಹಿಂದಕ್ಕೆ ಹೋಗಿ ಮೊದಲಿನಿಂದ ಶುರುಮಾಡುವ ದಾರಿಯೊಂದು ಈ ಮರದ ಮೈಯೊಳಗೆ ಯಾವತ್ತೂ ತೆರೆದೇ ಇರುತ್ತದೆ.

ಸಸ್ಯಶಾಸ್ತ್ರಜ್ಞರೂ ಇಲ್ಲಿ ಒಮ್ಮೆ ದಾರಿ ತಪ್ಪಿದ್ದರು. 19ನೇ ಶತಮಾನದಲ್ಲಿ ಜಪಾನಿನಿಂದ ಯುರೋಪಿನ ತೋಟಗಳಿಗೆ ಬಂದ ಕೆಲವು ಪುಟ್ಟ ಗಿಡಗಳನ್ನು ನೋಡಿ ರೆಟಿನಿಸ್ಪೊರಾ ಎಂಬ ಹೊಸ ಕುಲದ ಹೆಸರೇ ಬಳಕೆಗೆ ಬಂತು. ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮೆತ್ತನೆಯ ಸೂಜಿ ಎಲೆಯ ಗಿಡಗಳು ಹೊಸ ಕುಲವೇನೂ ಆಗಿರಲಿಲ್ಲ, ಜೂನಿಪರ್‌ನದೇ ಸೈಪ್ರೆಸ್ ಕುಟುಂಬದ ಪರಿಚಿತ ಮರಗಳ ಎಳೆಯ ರೂಪಗಳು ಎಂಬುದು ಆಮೇಲೆ ತಿಳಿಯಿತು. ಎಳೆಯ ಕೊಂಬೆಯಿಂದ ತುಂಡು ತೆಗೆದು ನೆಟ್ಟರೆ ಗಿಡ ಎಳೆತನದಲ್ಲೇ ನಿಂತುಬಿಡಬಹುದು. ತುಂಡಿನಿಂದ ತುಂಡು ತೆಗೆಯುತ್ತ ಹೋದಷ್ಟು ಕಾಲ ಬಾಲ್ಯವೂ ಮುಂದುವರಿಯುತ್ತದೆ.

ಬೆಂಗಳೂರಿನಲ್ಲಿ ಜೂನಿಪರ್ ಪರವೂರಿನ ಗಿಡವೇ ಸರಿ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ, ಪೈನ್ ದೇವದಾರುಗಳ ಬಳಗಕ್ಕೆ ಸೇರಿದ ಮರವೆಂದರೆ ಪಶ್ಚಿಮಘಟ್ಟದ ತೆಂಕಣ ಭಾಗದ ನಗೇಯಾ ಒಂದೇ. ಅದರ ಎಲೆಯೂ ಅಗಲ, ನೋಡಿದರೆ ಪೈನಿನ ನಂಟನೆಂದು ಯಾರೂ ನಂಬಲಾರರು. ಲಾಲ್‌ಬಾಗಿನಲ್ಲಿ ಆಕಾಶಕ್ಕೆ ನೇರವಾಗಿ ನಿಂತಿರುವ ಅರಕೇರಿಯಾ ಮರಗಳೂ ಹೊರಗಿನಿಂದ ಬಂದವೇ. ಹಾಗಿದ್ದರೂ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನ ಹವೆ ಜೂನಿಪರ್‌ಗೆ ಹೇಗೋ ಒಗ್ಗಿದೆ. ಸಿದ್ದಾಪುರದ ನರ್ಸರಿಗಳಲ್ಲಿ ತುದಿ ಹಳದಿಯಿರುವ ಗೋಲ್ಡನ್ ಜೂನಿಪರ್ ಪಾಲಿಥಿನ್ ಚೀಲದಲ್ಲಿ ಸಾಲಾಗಿ ಕೂತಿರುತ್ತದೆ. ನೆಲದ ಮೇಲೆ ಹಬ್ಬುವ ಬಗೆಯೂ ಸಿಗುತ್ತದೆ. ನಾನು ಗಿಡ ತಂದ ನರ್ಸರಿಯಾತ ಚೀಲವನ್ನು ಕೈಗೆ ಕೊಡುತ್ತ ಹೇಳಿದ್ದು ಒಂದೇ ಮಾತು: "ಮೇಡಂ, ಇದಕ್ಕೆ ದಿನಾ ನೀರು ಹಾಕ್ಬೇಡಿ. ಬೇಕು ಅಂತ ಇದು ಬಾಯಿಬಿಟ್ಟು ಕೇಳಲ್ಲ, ಸಾಕು ಅಂತಾನೂ ಹೇಳಲ್ಲ."

ಜೂನಿಪರ್ ಸಾಕುವ ವಿದ್ಯೆಯೆಲ್ಲ ಬಹುಮಟ್ಟಿಗೆ ಆ ಮಾತಿನಲ್ಲೇ ಇದೆ. ತುಳಸಿಗೆ ನೀರು ಕಡಿಮೆಯಾದರೆ ಮಧ್ಯಾಹ್ನದ ಹೊತ್ತಿಗೇ ಎಲೆ ಜೋತುಬೀಳುತ್ತದೆ, ನೀರು ಹಾಕಿದರೆ ಸಂಜೆಗೆ ಎದ್ದು ನಿಲ್ಲುತ್ತದೆ. ದಾಸವಾಳ ಮುನಿಸಿಕೊಂಡರೆ ಮೊಗ್ಗು ಉದುರಿಸುತ್ತದೆ. ಜೂನಿಪರ್ ಬಾಡುವುದಿಲ್ಲ. ಅದರ ಎಲೆ ಅಷ್ಟು ಪುಟ್ಟದು, ಅದರ ಮೇಣದ ಲೇಪ ಅಷ್ಟು ಬಿಗಿ; ಒಳಗಿನ ತೇವ ಹೊರಗೆ ಹೋಗುವುದು ಬಹಳ ನಿಧಾನ. ಬೇರು ಪೂರ್ತಿ ಸತ್ತ ಮೇಲೂ ವಾರಗಟ್ಟಲೆ ಗಿಡ ಹಸಿರಾಗಿ ನಿಂತಿರುತ್ತದೆ. ಕಡಿದು ತಂದ ಕ್ರಿಸ್‌ಮಸ್ ಮರ ಹಬ್ಬ ಮುಗಿಯುವವರೆಗೂ ಹಸಿರಾಗಿರುವುದು ಈ ಬಳಗದ ಇದೇ ಗುಣದಿಂದ. ಕಂದುಬಣ್ಣ ಕಾಣಿಸಿಕೊಂಡ ದಿನ ಗಾಬರಿಬಿದ್ದು ನೀರು ಸುರಿಯುವವರು ಎಷ್ಟೋ ದಿನಗಳ ಹಿಂದೆ ನಡೆದುಹೋದ ಸಾವಿಗೆ ನೀರು ಬಿಡುತ್ತಿರುತ್ತಾರೆ.

ಹಾಗಾಗಿ ನೋಡಬೇಕಾದ್ದು ಎಲೆಯನ್ನಲ್ಲ, ಮಣ್ಣನ್ನು. ತೋರುಬೆರಳನ್ನು ಎರಡು ಗಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ, ತೇವ ತಗುಲಿದರೆ ಆ ದಿನ ನೀರು ಬೇಡ. ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಹರಿಯುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಸುಮ್ಮನಿರಬೇಕು. ಬಾಡದ ಗಿಡವೂ ತೀರ ಮೂಕವೇನಲ್ಲ. ಬೆಳೆಯುತ್ತಿರುವ ತುದಿಗಳ ಬಣ್ಣ ಉಳಿದ ಮೈಗಿಂತ ತುಸು ತಿಳಿಯಾಗಿ, ಹೊಳಪಾಗಿ ಇರುತ್ತದೆ. ಆ ಹೊಳಪು ಮಂಕಾಗಿ ಇಡೀ ಗಿಡ ಒಂದೇ ಬೂದುಹಸಿರಿಗೆ ತಿರುಗಿತೆಂದರೆ ಒಳಗೆ ಏನೋ ಕೆಟ್ಟಿದೆ. ಈ ಎರಡು ಹಸಿರುಗಳ ನಡುವಿನ ಅಂತರ ಎಷ್ಟು ಸೂಕ್ಷ್ಮವೆಂದರೆ ಫೋಟೋದಲ್ಲಿ ಸಿಗುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ನೋಡುವ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಸಂಶಯವಿದ್ದರೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದು ನೋಡಬಹುದು. ಒಳಗೆ ಹಸಿರು ತೇವ ಇದ್ದರೆ ಜೀವ ಇದೆ.

ಈ ಗಿಡದ ಬರ ತಾಳುವ ಶಕ್ತಿ ಸಾಮಾನ್ಯದ್ದಲ್ಲ. ಬೇರಿನಿಂದ ತುದಿಯವರೆಗೆ ನೀರು ಏರುವುದು ಅತಿ ಸಪೂರವಾದ ಕೊಳವೆಗಳಲ್ಲಿ, ಮೇಲಿನ ಎಲೆ ಎಳೆಯುವ ಸೆಳೆತಕ್ಕೆ. ಮಣ್ಣು ಒಣಗಿದಷ್ಟೂ ಆ ಸೆಳೆತ ಬಿಗಿಯುತ್ತದೆ, ಕೊನೆಗೊಮ್ಮೆ ಕೊಳವೆಯೊಳಕ್ಕೆ ಗಾಳಿ ನುಗ್ಗಿ ನೀರಿನ ಎಳೆ ತುಂಡಾಗುತ್ತದೆ. ಎಳೆ ತುಂಡಾದ ಕೊಳವೆಯಲ್ಲಿ ನೀರು ಏರದು. ಮರಗಳಿಗೆ ಬರದ ಕಾಲದಲ್ಲಿ ಒದಗುವ ಸಾವುಗಳಲ್ಲಿ ಇದೂ ಒಂದು. ಜೂನಿಪರ್‌ನ ಕೊಳವೆಗಳು ಸಣ್ಣ, ಗೋಡೆ ಗಟ್ಟಿ. ಇಷ್ಟು ಸೆಳೆತ ತಾಳಿಕೊಳ್ಳುವ ಮರಗಳು ಭೂಮಿಯ ಮೇಲೆ ಕೆಲವೇ. 2002-03ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಭೀಕರ ಬರ ಬಂದಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಅಲ್ಲಿನ ಗುಡ್ಡಗಳಲ್ಲಿ ಪಿನ್ಯನ್ ಪೈನ್ ಮತ್ತು ಜೂನಿಪರ್ ಕೂಡಿಯೇ ಬೆಳೆಯುತ್ತವೆ. ಬರ ಬಂತೆಂದರೆ ಪೈನ್ ಬೇಗನೆ ಎಲೆಯ ರಂಧ್ರ ಮುಚ್ಚಿ ಇದ್ದ ನೀರನ್ನು ಕಾಪಾಡಿಕೊಳ್ಳುತ್ತದೆ, ಜೊತೆಗೆ ಆಹಾರ ತಯಾರಿಸುವುದೂ ನಿಲ್ಲುತ್ತದೆ. ಜೂನಿಪರ್ ರಂಧ್ರ ತೆರೆದಿಟ್ಟುಕೊಂಡೇ ಒಣಮಣ್ಣಿನಿಂದ ಸಿಕ್ಕಷ್ಟು ಎಳೆಯುತ್ತ ಹೋಗುತ್ತದೆ. ಆ ಬರದಲ್ಲಿ ಸೊರಗಿದ ಪೈನ್‌ಗಳು ತೊಗಟೆ ಕೊರೆಯುವ ದುಂಬಿಗಳಿಗೆ ಸಿಕ್ಕಿ ಲೆಕ್ಕವಿಲ್ಲದಷ್ಟು ಸತ್ತವು. ಪಕ್ಕದಲ್ಲೇ ನಿಂತಿದ್ದ ಜೂನಿಪರ್‌ಗಳಲ್ಲಿ ಹೆಚ್ಚಿನವು ಉಳಿದುಕೊಂಡವು.

ಅಂಥ ಗಿಡ ನಮ್ಮ ಮನೆಯ ಕುಂಡದಲ್ಲಿ ಸಾಯುವುದು ನೀರು ಹೆಚ್ಚಾಗಿ. ಬೇರಿಗೂ ಗಾಳಿ ಬೇಕು. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಗಟ್ಟುತ್ತದೆ, ಆಮೇಲೆ ಫೈಟಾಫ್ತೊರಾ ಎಂಬ ರೋಗಾಣು ಹತ್ತಿಕೊಂಡು ಬೇರು ಕೊಳೆಯುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದರ ಪರಿಚಯ ಬೇಕಿಲ್ಲ. ಅವರ ತೋಟದ ಕೊಳೆರೋಗಕ್ಕೆ ಕಾರಣವೂ ಇದೇ ಬಳಗ. ನರ್ಸರಿಯ ಚೀಲದಲ್ಲಿ ಗಿಡದ ಜೊತೆ ಬರುವ ಮಣ್ಣು ಸಾಮಾನ್ಯವಾಗಿ ಜೇಡಿ, ಒದ್ದೆಯಾದರೆ ಬೇಗ ಆರುವುದಿಲ್ಲ. ಅದನ್ನು ಹಾಗೆಯೇ ಹೊಸ ಕುಂಡಕ್ಕೆ ಇಳಿಸಬಾರದು, ಹಾಗೆಂದು ಒಂದೇ ಸಲ ಎಲ್ಲವನ್ನೂ ತೊಳೆದು ಬೇರನ್ನು ಬೆತ್ತಲೆ ಮಾಡಲೂಬಾರದು. ಬೇರಿನ ಸುತ್ತ ಕಣ್ಣಿಗೆ ಕಾಣದ ಶಿಲೀಂಧ್ರಗಳಿವೆ, ಅವು ಬೇರಿನೊಳಗೇ ಬೀಡುಬಿಟ್ಟು ಮಣ್ಣಿನಿಂದ ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ, ಬದಲಿಗೆ ಎಲೆ ಮಾಡಿದ ಸಕ್ಕರೆ ಪಡೆಯುತ್ತವೆ. ಹಳೆಯ ಮಣ್ಣಿನ ಒಂದಷ್ಟು ಪಾಲನ್ನು ಮಾತ್ರ ಬಿಡಿಸಿ, ಬಾಕಿಯನ್ನು ಮುಂದಿನ ಸಲಕ್ಕೆ ಬಿಡುವುದು ಒಳ್ಳೆಯದು. ಹೊಸ ಮಣ್ಣಿಗೆ ಕೆಮ್ಮಣ್ಣಿಗಿಂತ ದಪ್ಪ ಮರಳು, ಸಣ್ಣ ಜಲ್ಲಿ ಹೆಚ್ಚಿರಲಿ, ಕೊಳೆತು ಹುಡಿಯಾದ ಗೊಬ್ಬರ ಒಂದು ಹಿಡಿ ಸಾಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮನೆಯೊಳಗೆ ಟೀಪಾಯಿಯ ಮೇಲೆ ಚೆಂದಕ್ಕೆ ಇಡುವ ಗಿಡ ಇದಲ್ಲ. ಹಾಗೆ ಇಟ್ಟವರ ಮನೆಯಲ್ಲಿ ಅದು ಹಸಿರಾಗಿಯೇ ತೀರಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಒಂದು ಕೆಲಸವನ್ನು ಮರೆಯಬಾರದು. ಬಿಳಿ ಕಾಗದವನ್ನು ರೆಂಬೆಯ ಕೆಳಗೆ ಹಿಡಿದು ರೆಂಬೆಯನ್ನು ಎರಡು ಸಲ ತಟ್ಟಬೇಕು. ಧೂಳು, ಒಣ ಹುರುಪೆ ಬೀಳುತ್ತವೆ. ಕಾಗದವನ್ನು ಅಲುಗಿಸದೆ ಒಂದು ನಿಮಿಷ ನೋಡುತ್ತಿದ್ದರೆ ಆ ಧೂಳಿನಲ್ಲಿ ಕೆಲವು ಕಣಗಳು ನಡೆಯಲು ತೊಡಗುತ್ತವೆ. ಅವು ಕೆಂಪು ನುಸಿ. ಬೆರಳಿನಿಂದ ಒತ್ತಿ ಎಳೆದರೆ ಕಾಗದದ ಮೇಲೆ ಬಣ್ಣದ ಗೆರೆ ಉಳಿಯುತ್ತದೆ, ಅಷ್ಟೂ ಗಿಡದ ರಸ ಕುಡಿದು ಬಂದದ್ದು. ಔಷಧಿಗೆ ಓಡುವ ಮುಂಚೆ ಬೆಳಿಗ್ಗೆ ಹೊತ್ತು ಪೈಪಿನಿಂದ ನೀರನ್ನು ಜೋರಾಗಿ, ಕೆಳಗಿನಿಂದ ಮೇಲಕ್ಕೆ ಹಾಯಿಸಿ ರೆಂಬೆಗಳ ಒಳಮೈ ತೊಳೆದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕುಂಡದ ಮಣ್ಣಿಗೆ ಮಾತ್ರ ಆ ನೀರು ಹೆಚ್ಚು ಸೇರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿರಬೇಕು.

ಕತ್ತರಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಹೋಟೆಲು, ಅಪಾರ್ಟ್‌ಮೆಂಟುಗಳ ಮುಂದೆ ಜೂನಿಪರ್‌ಗಳನ್ನು ಉರುಟುರುಟಾಗಿ ಕತ್ತರಿಸಿ ನಿಲ್ಲಿಸುತ್ತಾರೆ. ಸಲ ಸಲಕ್ಕೂ ಹೊರಮೈಯನ್ನಷ್ಟೇ ಸವರುವುದರಿಂದ ಅಲ್ಲಿ ಚಿಗುರು ಒತ್ತೊತ್ತಾಗಿ ಬೆಳೆದು ಒಳಗೆ ಬೆಳಕು ಇಳಿಯುವುದಿಲ್ಲ, ಒಳಗಿನ ಎಲೆಯೆಲ್ಲ ಒಣಗುತ್ತದೆ. ಕೈಯಿಂದ ರೆಂಬೆ ಸರಿಸಿ ನೋಡಿದರೆ ಅಂಗೈಯಷ್ಟು ದಪ್ಪದ ಹಸಿರು ಚಿಪ್ಪು, ಅದರೊಳಗೆ ಬರೀ ಕಂದು ಕಡ್ಡಿ. ಅಂಥ ಗಿಡವನ್ನು ಒಂದು ದಿನ ಚಿಕ್ಕದು ಮಾಡೋಣವೆಂದು ಒಳಗಿನವರೆಗೆ ಕತ್ತರಿಸಿದರೆ ಮುಗಿಯಿತು. ದಾಸವಾಳವಾದರೆ ಬರಿಯ ಕೊರಡಿನಿಂದಲೂ ಚಿಗುರುತ್ತದೆ. ಎಲೆಯಿಲ್ಲದ ಹಳೆಯ ಕೊಂಬೆಯಿಂದ ಜೂನಿಪರ್ ಮತ್ತೆ ಚಿಗುರುವುದು ತೀರ ಅಪರೂಪ. ಆದ್ದರಿಂದ ಸಣ್ಣ ಕತ್ತರಿ ಹಿಡಿದು ಒಂದೊಂದೇ ರೆಂಬೆಯನ್ನು, ಕವಲೊಡೆಯುವಲ್ಲಿ, ಹಿಂದೆ ಹಸಿರು ಉಳಿಯುವಂತೆ ತೆಗೆಯಬೇಕು. ಅಲ್ಲಲ್ಲಿ ಒಳಗೆ ಬಿಸಿಲು ಬೀಳುವ ಹಾಗೆ ಕಿಂಡಿ ಬಿಡಬೇಕು. ಒಂದು ಸಲಕ್ಕೆ ಮೂರರಲ್ಲೊಂದು ಪಾಲು ಮೀರಕೂಡದು, ಏಕೆಂದರೆ ಈ ಗಿಡದ ಬಲವೆಲ್ಲ ಎಲೆಯಲ್ಲೇ ಇದೆ. ಇಷ್ಟನ್ನು ಮಾಡುವಾಗ ಕೈಗೆ ಹತ್ತುವ ವಾಸನೆಯೊಂದಿದೆ. ಅದು ಪೆನ್ಸಿಲಿನ ವಾಸನೆಯ ನೆಂಟ. ಪೆನ್ಸಿಲುಗಳನ್ನು ಬಹುಕಾಲ ಮಾಡುತ್ತಿದ್ದದ್ದು ಉತ್ತರ ಅಮೆರಿಕದ ಜೂನಿಪರ್ ಮರದಿಂದಲೇ, ಜುನಿಪೆರಸ್ ವರ್ಜಿನಿಯಾನಾ ಎಂಬ ಜಾತಿಯದು.

ಜೂನಿಪರ್‌ಗೆ ಹೂವಿಲ್ಲ. ಇದರ ಬಳಗ ಭೂಮಿಗೆ ಬಂದು ಸುಮಾರು 30 ಕೋಟಿ ವರ್ಷವಾಯಿತು, ಆಗ ಹೂವೆಂಬುದೇ ಇನ್ನೂ ಹುಟ್ಟಿರಲಿಲ್ಲ. ದುಂಬಿಯನ್ನು ಕರೆಯುವ ಬಣ್ಣವಿಲ್ಲ, ಮಕರಂದವಿಲ್ಲ. ಹೆಚ್ಚಿನ ಜಾತಿಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ತನ್ನ ಪರಾಗವನ್ನು ಗಾಳಿಗೆ ಬಿಟ್ಟುಬಿಡುತ್ತದೆ; ಅಮೆರಿಕದ ಟೆಕ್ಸಾಸಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಅದು ಹೊಗೆಯಂತೆ ಎದ್ದು ಊರಿಗೆ ಊರೇ ಸೀನುತ್ತದೆ. ಹೆಣ್ಣು ಗಿಡ ಮಾಡುವುದನ್ನು ತಿಳಿದಾಗಿನಿಂದ ನನಗೆ ಎಲ್ಲ ಹೂಗಳ ಬಗೆಗಿದ್ದ ಭಾವನೆಯೇ ಬದಲಾಗಿದೆ. ಬೀಜವಾಗಬೇಕಾದ ಅಂಡಕದ ತುದಿಯಲ್ಲಿ ಅದು ಒಂದು ಹನಿ ದ್ರವವನ್ನು ಹೊರಗಿಟ್ಟು ಕಾಯುತ್ತದೆ. ಸಾಸಿವೆಗಿಂತ ಎಷ್ಟೋ ಸಣ್ಣ ಹನಿ. ಗಾಳಿಯಲ್ಲಿ ತೇಲಿ ಬಂದ ಪರಾಗದ ಕಣ ಅದಕ್ಕೆ ತಗುಲಿದರೆ ಅಂಟಿಕೊಳ್ಳುತ್ತದೆ, ಹನಿ ನಿಧಾನವಾಗಿ ಒಳಕ್ಕೆ ಸರಿದು ಕಣವನ್ನೂ ಕರೆದುಕೊಂಡು ಹೋಗುತ್ತದೆ. ಬಯಲು ತುಂಬ ಬೀಸುವ ಗಾಳಿಯಿಂದ ತನ್ನದನ್ನು ಪಡೆಯಲು ಒಂದು ಹನಿಯನ್ನು ಮಾತ್ರ ಮುಂದೆ ಚಾಚಿ ನಿಲ್ಲುವ ಈ ಕ್ರಮ ಕೋಟ್ಯಂತರ ವರ್ಷಗಳಿಂದ ತಪ್ಪದೆ ನಡೆದುಬಂದಿದೆ. ಅದಕ್ಕೆ ಸಾಕ್ಷಿ ಈ ಗಿಡ ಇಲ್ಲಿ ಇರುವುದೇ.

ಆಮೇಲೆ ಕಾಯಿ. ನೋಡಲು ಮಾಗಿದ ನೀಲಿ ಹಣ್ಣು, ನಿಜದಲ್ಲಿ ಅದು ಪೈನ್ ಕಾಯಿಯ ಜಾತಿಯದೇ. ಪೈನ್ ಕಾಯಿಯಲ್ಲಿರುವಂಥ ಹಲಗೆಗಳು ಇಲ್ಲಿ ಬಿಚ್ಚಿಕೊಳ್ಳದೆ ಉಬ್ಬಿ, ರಸ ತುಂಬಿ, ಒಂದಕ್ಕೊಂದು ಕೂಡಿಕೊಂಡಿವೆ. ಉತ್ತರ ಗೋಳಾರ್ಧದಲ್ಲೆಲ್ಲ ಹರಡಿರುವ ಜುನಿಪೆರಸ್ ಕಮ್ಯೂನಿಸ್‌ನ ಕಾಯನ್ನು ತಿರುಗಿಸಿ ನೋಡಿದರೆ ತುದಿಯಲ್ಲಿ ಮೂರು ಗೆರೆ ಸೇರುವ ಗುರುತು ಇರುತ್ತದೆ. ಮೂರು ಹಲಗೆ ಒಂದಾದ ಜಾಗ ಅದು. ಜಿನ್ ಮದ್ಯದ ಪರಿಮಳ ಈ ಕಾಯಿಯದು. ಆಯುರ್ವೇದದ ಹಪುಷಾ ಇದೇ. ಗ್ರಂಥಿಗೆ ಅಂಗಡಿಯವರಿಗೆ ಹೆಸರು ಗೊತ್ತು. ಈ ಕಾಯಿ ಹಣ್ಣಾಗಲು ಎರಡು ವರ್ಷ, ಕೆಲವು ಕಡೆ ಮೂರು. ಹಾಗಾಗಿ ಒಂದೇ ರೆಂಬೆಯಲ್ಲಿ ಈ ವರ್ಷ ಕಚ್ಚಿದ ಕಾಯಿ, ಹೋದ ವರ್ಷದ ಹಸಿರು ಕಾಯಿ, ಅದಕ್ಕೂ ಹಿಂದಿನ ವರ್ಷದ ನೀಲಿ ಕಾಯಿ ಒಟ್ಟಿಗೇ ತೂಗುತ್ತವೆ. ಹಕ್ಕಿಗೆ ಬೇಕಾದದ್ದು ನೀಲಿಯದು ಮಾತ್ರ. ಇಲ್ಲೂ ಅದೇ, ಮೂರು ವರ್ಷಗಳು ಅಕ್ಕಪಕ್ಕದಲ್ಲಿ.

ನನ್ನ ತಾರಸಿಯ ಗಿಡ ಮೊಣಕಾಲೆತ್ತರ. ಅದರ ಬಂಧುಗಳನ್ನು ನೆನೆದಾಗ ಕುಂಡದ ಮುಂದೆ ನಿಂತವಳ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಟಿಬೆಟಿನ ಆಗ್ನೇಯ ಭಾಗದಲ್ಲಿ 4,900 ಮೀಟರ್ ಎತ್ತರದಲ್ಲಿ ಜುನಿಪೆರಸ್ ಟಿಬೆಟಿಕಾ ಮರವಾಗಿ ನಿಂತಿದೆ. ಉತ್ತರ ಗೋಳಾರ್ಧದಲ್ಲಿ ಮರಗಳ ಸಾಲು ಅದಕ್ಕಿಂತ ಮೇಲಕ್ಕೆ ಹತ್ತಿದ್ದು ಕಂಡಿಲ್ಲ. ಲಡಾಖಿನಲ್ಲಿ ಜೂನಿಪರ್ ಶುಕ್ಪಾ. ಹೆಮಿಸ್ ಶುಕ್ಪಾಚನ್ ಎಂಬ ಹಳ್ಳಿಗೆ ಆ ಹೆಸರು ಬಂದದ್ದೇ ಅಲ್ಲಿನ ಜೂನಿಪರ್ ತೋಪಿನಿಂದ. ಮರವಿಲ್ಲದ ಆ ಸೀಮೆಯಲ್ಲಿ ಹಳೆಯ ಶುಕ್ಪಾ ಮರಗಳು ಪೂಜ್ಯ. ಬೆಳಗಿನ ಹೊತ್ತು ಅದರ ಒಣಗಿದ ಸೊಪ್ಪನ್ನು ಕೆಂಡದ ಮೇಲೆ ಹಾಕಿ ಧೂಪ ಏಳಿಸುತ್ತಾರೆ.

ಆ ಎತ್ತರಗಳ ಹಳೆಯ ಜೂನಿಪರ್‌ಗಳ ಚಿತ್ರ ನೋಡಿದವರಿಗೆ ಮೊದಲು ಕಾಣುವುದು ಸತ್ತ ಮರ. ಕಾಂಡದ ಬಹುಪಾಲು ತೊಗಟೆ ಕಳಚಿ, ಗಾಳಿಗೆ ಹಿಮಕ್ಕೆ ಸವೆದು, ಬೂದಿಬಣ್ಣಕ್ಕೆ ತಿರುಗಿ ತಿರುಚಿಕೊಂಡಿರುತ್ತದೆ. ಸುತ್ತಿ ಬಂದರೆ ಒಂದು ಪಕ್ಕದಲ್ಲಿ ಕೈಯಗಲದ ಒಂದು ಪಟ್ಟಿ, ಕೆಂಗಂದು ತೊಗಟೆ ಹೊದ್ದು, ನೆಲದಿಂದ ಮೇಲಕ್ಕೆ ಏರಿರುತ್ತದೆ. ಆ ಪಟ್ಟಿಯ ತುದಿಯಲ್ಲೊಂದು ಹಸಿರು ಕೊಂಬೆ. ಕೆಲವು ಬೇರು, ಒಂದು ಪಟ್ಟಿ, ಒಂದು ಕೊಂಬೆ, ಇಷ್ಟರಲ್ಲೇ ಇಡೀ ಮರದ ಜೀವ ನಡೆಯುತ್ತಿರುತ್ತದೆ. ಒಂದು ಕಡೆಯ ಬೇರು ಸತ್ತರೆ ಅದಕ್ಕೆ ಸಂಬಂಧಪಟ್ಟ ತೊಗಟೆಯ ಪಟ್ಟಿಯೂ ಮೇಲಿನ ಕೊಂಬೆಯೂ ಸಾಯುತ್ತವೆ, ಪಕ್ಕದ ಪಟ್ಟಿಗೆ ಏನೂ ಆಗುವುದಿಲ್ಲ. ಪೂರ್ತಿ ಉಳಿಯುವುದಕ್ಕೆ ಹಟ ಹಿಡಿಯದೆ, ಇದ್ದ ನೀರಿಗೆ ತಕ್ಕಷ್ಟು ಮಾತ್ರ ಬದುಕುತ್ತ ಶತಮಾನಗಳನ್ನು ದಾಟುವುದು ಹೀಗೆ. ಸತ್ತ ಭಾಗವೂ ಕೊಳೆತು ಬೀಳುವುದಿಲ್ಲ. ಕಟ್ಟಿಗೆಯಲ್ಲಿರುವ ಪರಿಮಳದ ಎಣ್ಣೆ ಹುಳು ಬೂಷ್ಟುಗಳನ್ನು ಹತ್ತಿರ ಬಿಡದು. ಬದುಕಿರುವ ಪಟ್ಟಿಯನ್ನು ಎತ್ತಿ ಹಿಡಿದಿರುವುದು ಆ ಸತ್ತ ಕಾಂಡವೇ.

ಜಪಾನಿನ ಇತೊಯಿಗಾವಾ ಕಡೆಯ ಕಡಿದಾದ ಬಂಡೆಗಳಿಂದ ಹಿಂದೆ ಜೀವ ಪಣಕ್ಕಿಟ್ಟು ಇಂಥ ಪುಟ್ಟ ಜೂನಿಪರ್‌ಗಳನ್ನು ಕಿತ್ತು ತಂದು ಬೊನ್ಸಾಯ್ ಮಾಡುತ್ತಿದ್ದರು. ಸತ್ತ ಕೊಂಬೆಯನ್ನು ಜಿನ್ ಎನ್ನುತ್ತಾರೆ, ಕಾಂಡದ ಮೇಲಿನ ಸತ್ತ ಭಾಗವನ್ನು ಶಾರಿ. ಅದಕ್ಕೆ ಸುಣ್ಣ-ಗಂಧಕದ ದ್ರಾವಣ ಬಳಿದು ಕೊಳೆಯದಂತೆ ಕಾಪಾಡುತ್ತಾರೆ. ಲಾಲ್‌ಬಾಗಿನ ಬೊನ್ಸಾಯ್ ತೋಟದಲ್ಲಿ ನಿಂತು ಇದನ್ನೆಲ್ಲ ಗಿಡಕ್ಕೆ ಕೊಡುವ ಹಿಂಸೆ ಎಂದು ಬೈಯುವವರನ್ನು ಕೇಳಿದ್ದೇನೆ. ಅವರ ಮರುಕ ಅರ್ಥವಾಗುತ್ತದೆ. ಆದರೆ ಜೂನಿಪರ್ ವಿಷಯದಲ್ಲಿ ನನಗೆ ಹಾಗೆ ಅನಿಸುವುದಿಲ್ಲ. ಬೆಟ್ಟದ ತುದಿಯಲ್ಲಿ ಈ ಮರ ತಾನಾಗಿ ತಾಳುವ ರೂಪ ಅದು. ಬಿಳಿಯ ಸತ್ತ ಕಟ್ಟಿಗೆಯ ಪಕ್ಕದಲ್ಲೇ ಕೆಂಪು ತೊಗಟೆಯ ಜೀವಂತ ಪಟ್ಟಿ ಏರಿಹೋಗುವುದನ್ನು ನೋಡುವಾಗ, ಒಳ್ಳೆಯ ಬೊನ್ಸಾಯ್‌ಗಾರ ಗಿಡದ ಮೇಲೆ ತನ್ನ ಇಷ್ಟವನ್ನು ಹೇರಿಲ್ಲ, ಅದರ ಊರಿನ ಕಥೆಯನ್ನು ಕೇಳಿಸಿಕೊಂಡಿದ್ದಾನೆ ಎಂದೇ ಅನಿಸುತ್ತದೆ.

ಚೀನಾದ ಚಿಂಘಾಯ್ ಪ್ರಾಂತ್ಯದಲ್ಲಿ ಇನ್ನೂ ದೊಡ್ಡದೊಂದು ನಡೆದಿದೆ. ಅಲ್ಲಿನ ಒಣಭೂಮಿಯ ಚೀಲ್ಯೆನ್ (Qilian) ಜೂನಿಪರ್‌ಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಿ, ಅಳೆದು, 3,500 ವರ್ಷಗಳ ಮಳೆಯ ಲೆಕ್ಕವನ್ನು ಕಟ್ಟಿದ್ದಾರೆ. 2014ರಲ್ಲಿ ಅದು ಪ್ರಕಟವಾಯಿತು. ಮಳೆ ಬಂದ ವರ್ಷದ ಉಂಗುರ ಅಗಲ, ಬರಗಾಲದ್ದು ಸಪೂರ. ಯಾವ ಒಂದು ಮರವೂ ಅಷ್ಟು ಕಾಲ ಬದುಕಿರಬೇಕಾಗಿಲ್ಲ. ಬದುಕಿರುವ ಮರದ ಒಳಗಿನ ಹಳೆಯ ಉಂಗುರಗಳ ಅಗಲ-ಸಪೂರದ ಕ್ರಮ, ಸತ್ತು ನಿಂತ ಮರದ ಹೊರಗಿನ ಉಂಗುರಗಳ ಕ್ರಮಕ್ಕೆ ಹೊಂದುತ್ತದೆ. ಆ ಸತ್ತ ಮರದ ಒಳಭಾಗ ಇನ್ನೂ ಹಿಂದಿನ ಕಾಲದ ಸಮಾಧಿಗಳಲ್ಲಿ ತೊಲೆಯಾಗಿ ಹಾಕಿದ ಮರಕ್ಕೆ ಹೊಂದುತ್ತದೆ. ಜೀವಂತ ಮರ, ಸತ್ತ ಮರ, ಸತ್ತವರ ಮನೆಗೆ ಕಡಿದ ಮರ, ಮೂರೂ ಕೈಹಿಡಿದು ಒಂದೇ ಲೆಕ್ಕ ಒಪ್ಪಿಸುತ್ತವೆ. ಯಾರೂ ಬರೆದಿಡದ ಮಳೆಗಳು ಅಲ್ಲಿ ವರ್ಷ ವರ್ಷವೂ ಉಳಿದಿವೆ.

ಹೀಗಿರುವಾಗ ಕುಂಡದ ಗಿಡದ ವಯಸ್ಸು ಎಷ್ಟೆನ್ನಬೇಕು? ಬ್ಲೂ ಸ್ಟಾರ್ ಎಂಬ ಚೆಂದದ ನೀಲಿ ಜೂನಿಪರ್ ಒಂದಿದೆ, ಹಿಮಾಲಯದಿಂದ ಚೀನಾದವರೆಗೆ ಬೆಳೆಯುವ ಜುನಿಪೆರಸ್ ಸ್ಕ್ವಾಮಾಟಾ ಜಾತಿಯದು. 1950ರ ಸುಮಾರಿಗೆ ಹಾಲೆಂಡಿನ ಒಂದು ನರ್ಸರಿಯಲ್ಲಿ, ದೊಡ್ಡ ಗಿಡವೊಂದರ ಮೈಮೇಲೆ ಒಂದೇ ಜಾಗದಲ್ಲಿ ರೆಂಬೆಗಳು ಒತ್ತಾಗಿ, ಗಿಡ್ಡವಾಗಿ ಗೊಂಚಲುಗಟ್ಟಿದ್ದು ಕಂಡಿತು. ಆ ಗೊಂಚಲಿನಿಂದ ತುಂಡು ತೆಗೆದು ನೆಟ್ಟರು. ಇಂದು ಲೋಕದ ತೋಟಗಳಲ್ಲಿರುವ ಬ್ಲೂ ಸ್ಟಾರ್‌ಗಳೆಲ್ಲ ಆ ಗೊಂಚಲಿನ ತುಂಡುಗಳು, ತುಂಡಿನ ತುಂಡುಗಳು. ಬೀಜ ನಡುವೆ ಬಂದಿಲ್ಲ, ಹುಟ್ಟು ಮತ್ತೆ ಆಗಿಲ್ಲ. ಅಷ್ಟೂ ಕುಂಡಗಳಲ್ಲಿ ಹರಡಿಕೊಂಡು ಬೆಳೆಯುತ್ತಿರುವುದು ಒಂದೇ ಗಿಡ ಎಂದರೆ ತಪ್ಪೇನು? ಸಿದ್ದಾಪುರದ ಸಾಲಿನಲ್ಲಿ ಪುಟ್ಟ ಮರಿಗಳಂತೆ ಕೂತ ಗೋಲ್ಡನ್ ಜೂನಿಪರ್‌ಗಳೂ ಹೀಗೆ ತುಂಡಿನಿಂದ ಬಂದವು.

ತಂಗಿಯ ಮಗಳು ಮೈಸೂರಿನಿಂದ ಬಂದಾಗ ತನಗೂ ಒಂದು ಬೇಕೆಂದಳು. ನಸುಕಂದು ಹತ್ತುತ್ತಿರುವ ಪಕ್ಕದ ರೆಂಬೆಯೊಂದನ್ನು ಆರಿಸಿ, ಬುಡದಲ್ಲಿ ಹಳೆಯ ತೊಗಟೆಯ ಚೂರೊಂದು ಅಂಟಿಕೊಂಡು ಬರುವ ಹಾಗೆ ಕೆಳಕ್ಕೆ ಎಳೆದು ಕಿತ್ತೆವು. ಕೆಳಗಿನ ಎಲೆ ಸವರಿ ಒದ್ದೆ ಮರಳಿಗೆ ನೆಟ್ಟೆವು. ಅವಳಿಗೆ ಪ್ರತಿ ಕುಂಡಕ್ಕೂ ಹೆಸರು, ತಾರೀಕು ಬರೆದ ಚೀಟಿ ಸಿಕ್ಕಿಸುವ ಅಭ್ಯಾಸ.

"ದೊಡ್ಡಮ್ಮಾ, ಇದಕ್ಕೆ ಯಾವ ತಾರೀಕು ಬರೀಲಿ?"

"ಇವತ್ತಿಂದೇ ಬರಿ."

"ಇವತ್ತು ಹುಟ್ಟಿದ್ದಲ್ವಲ್ಲ ಇದು. ನಿನ್ನ ಗಿಡದ್ದು. ನಿನ್ನ ಗಿಡ ಇನ್ಯಾರದ್ದೋ ಗಿಡದ್ದು."

ಕೊನೆಗೆ ಅವಳು ಹೆಸರು ಬರೆದು ತಾರೀಕಿನ ಜಾಗವನ್ನು ಖಾಲಿ ಬಿಟ್ಟಳು. ಬೇರು ಬಂತೇ ಎಂದು ಎಳೆದು ನೋಡಬೇಡ, ಬೇರಿಲ್ಲದೆಯೂ ಇದು ತಿಂಗಳುಗಟ್ಟಲೆ ಹಸಿರಾಗಿರುತ್ತದೆ ಎಂದು ಹೇಳಿ ಕಳಿಸಿದ್ದೇನೆ. ಬಿಸಿಲು ನೇರ ಬೀಳದ ಕಡೆ ಇಡಬೇಕು, ಮರಳು ಒಣಗಲೂಬಾರದು, ನೀರು ನಿಲ್ಲಲೂಬಾರದು. ಮುಂಗಾರು ಮುಗಿಯುವ ಹೊತ್ತಿಗೆ ತುದಿಯ ಹಸಿರು ಉಳಿದ ಮೈಗಿಂತ ತಿಳಿಯಾಗಿ ಕಂಡರೆ ಫೋನ್ ಮಾಡು, ಕುಂಡ ಬದಲಿಸುವುದು ಹೇಗೆಂದು ಆಗ ಹೇಳುತ್ತೇನೆ ಎಂದಿದ್ದೇನೆ.